ಗೆರೆ ಮೇಲೆ ಬಿದ್ದ ಸದ್ದು

“ಇನ್ನೊಂದು ಸಲ ಹಾಕು,” ಎಂದ ಮಾವ.

ಕತ್ತರಿ ಎಂದೇ ಎಲ್ಲರೂ ಕರೆಯುವ ಅವಳು ಹಾಕಲಿಲ್ಲ. ಹೆಡ್‌ಫೋನನ್ನು ಕಿವಿಯಿಂದ ಜಾರಿಸಿ ಕೊರಳಿಗೆ ತಗುಲಿಸಿಕೊಂಡಳು. “ಕೇಳಿದ್ದು ಸಾಕು. ಎಲ್ಲರೂ ಕೇಳಿ ಕೇಳಿನೇ ಕೆಟ್ಟಿದ್ದು. ಈಗ ನೋಡು.”

“ಹಾಡನ್ನ ನೋಡೋದಾ?”

“ನನ್ನ ಹೊಟ್ಟೆಪಾಡೇ ಹಾಡು ನೋಡೋದು. ಕುರ್ಚಿ ಹತ್ರ ಎಳ್ಕೋ.”

ಮಾವ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನು ಅವಳ ತಾಯಿಯ ಕೊನೆಯ ತಮ್ಮ, ಪೊಲೀಸ್ ಇನ್‌ಸ್ಪೆಕ್ಟರ್. ಟೋಪಿ ತಲೆಯ ಮೇಲಿದ್ದಾಗ ಅವಳ ಬಾಯಲ್ಲಿ ‘ನೀವು’, ತೊಡೆಗಿಳಿದಾಗ ‘ನೀನು’. ಅವಳಿಗೆ ಕತ್ತರಿ ಎಂದು ಹೆಸರಿಟ್ಟವನೂ ಅವನೇ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುತ್ತಿದ್ದಳೆಂದು ಚಿಕ್ಕಂದಿನಲ್ಲಿ ಇಟ್ಟ ಹೆಸರು. ಬೆಳೆದು ಹಾಡುಗಳನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೇ ಇಳಿದ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆಗೆ ಬಿತ್ತು.

ಪರದೆಯ ಮೇಲೆ ಉದ್ದಕ್ಕೆ ಮಲಗಿದ್ದ ಆ ಹಾಡು ಒಬ್ಬ ಮನುಷ್ಯನನ್ನು ಲಾಕಪ್ಪಿಗೆ ಕಳಿಸಿತ್ತು. ಮೊನ್ನೆ ಸಂಜೆ ರೆಕಾರ್ಡಿಂಗ್ ಸ್ಟುಡಿಯೋದ ಯಜಮಾನರು ಲಿಫ್ಟಿನ ಬಾವಿಗೆ ಬಿದ್ದಿದ್ದರು. ಈಗಲೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಅವರು ಬಿದ್ದ ‘ಧಡ್’ ಎಂಬ ಸದ್ದು, ಒಳಗೆ ನಡೆಯುತ್ತಿದ್ದ ಹಾಡಿನ ನಡುವೆಯೇ ರೆಕಾರ್ಡ್ ಆಗಿತ್ತು. ಹಾಗಾಗಿ ಒಳಗಿದ್ದ ಮೂವರೂ ಬಚಾವ್: ಹಾಡುತ್ತಿದ್ದ ಯಜಮಾನರ ತಂಗಿ, ಡ್ರಮ್ ಬಾರಿಸುತ್ತಿದ್ದವನು, ಗಾಜಿನ ಕೋಣೆಯಲ್ಲಿ ಯಂತ್ರದ ಮುಂದೆ ಕೂತಿದ್ದ ಯಜಮಾನರ ಅಳಿಯ. ಉಳಿದವನು ಹೊರಗಿನ ಪಡಸಾಲೆಯಲ್ಲಿ ಲಿಫ್ಟ್ ಬಿಚ್ಚಿಕೊಂಡು ಕೂತಿದ್ದ ಮೆಕ್ಯಾನಿಕ್. ಅವನು ಬೆಳಿಗ್ಗೆಯಷ್ಟೇ ಯಜಮಾನರ ಜೊತೆ ಜಗಳವಾಡಿದ್ದನ್ನು ಇಡೀ ಕಟ್ಟಡವೇ ಕೇಳಿತ್ತು.

ನಾಳೆ ಅವನನ್ನು ಕೋರ್ಟಿಗೆ ಕರೆದೊಯ್ಯಬೇಕು. ರೆಕಾರ್ಡಿಂಗಿನ ಪ್ರತಿ ತರಲು ಬೆಳಿಗ್ಗೆ ಠಾಣೆಗೆ ಹೋದಾಗ ಅವನ ಹೆಂಡತಿ ಕತ್ತರಿಯ ತೋಳು ಹಿಡಿದುಕೊಂಡಿದ್ದಳು. “ಅವರ ಬಾಯಿ ಒರಟು, ಕೈ ಒರಟಲ್ಲ,” ಎಂದಷ್ಟೇ ಹೇಳಿದ್ದಳು. ಕತ್ತರಿ ಹಿಂದೆಮುಂದೆ ನೋಡದೆ, “ನಾಳೆಗೆ ಮನೇಲಿರ್ತಾರೆ,” ಎಂದುಬಿಟ್ಟಿದ್ದಳು. ಹಾಗೆ ಮಾತು ಕೊಟ್ಟದ್ದಕ್ಕೆ ಅವಳಿಗೆ ಈಗಲೂ ಪಶ್ಚಾತ್ತಾಪವಿರಲಿಲ್ಲ.

“ಈ ನಿಂತ ಗೆರೆ ಕಾಣ್ತಿವೆಯಾ?” ಎಂದಳು. “ತಾಳದ ಒಂದೊಂದು ಏಟಿಗೆ ಒಂದೊಂದು ಗೆರೆ. ಹಾಡೋರು, ಬಾರಿಸೋರು ಎಲ್ಲರ ಕಿವೀಲೂ ಟಿಕ್ ಟಿಕ್ ಅಂತ ಗಡಿಯಾರದ ಥರ ಹೊಡೀತಿರುತ್ತೆ. ಆ ಟಿಕ್ಕೇ ಈ ಗೆರೆ. ಈಗ ಡ್ರಮ್ಮಿನ ಏಟು ನೋಡು.”

ಬೆರಳಾಡಿಸಿ ಹಾಡನ್ನು ಹಿಗ್ಗಿಸಿದಳು. ಸಣ್ಣ ಮುಳ್ಳಿನಂತೆ ಕಾಣುತ್ತಿದ್ದ ಏಟು ಗುಡ್ಡದಷ್ಟಾಯಿತು. ಗೆರೆಯಿಂದ ಒಂದು ಕೂದಲೆಳೆ ಬಲಕ್ಕೆ ನಿಂತಿತ್ತು. ಮುಂದಿನದು ಇನ್ನೂ ಸ್ವಲ್ಪ ಬಲಕ್ಕೆ. ಅದರ ಮುಂದಿನದು ಗೆರೆಗೆ ಮೈ ತಾಗಿಸಿಕೊಂಡು, ಆದರೂ ಆಚೆಗೇ.

“ಕುಡಿದಿದ್ನಾ ಅವನು?”

“ಮನುಷ್ಯನ ಕೈ ಮಾವ. ಎಷ್ಟೇ ಪಳಗಿದ್ರೂ ಗೆರೆಯ ಆಚೆ ಈಚೆ ಓಡಾಡ್ತಿರುತ್ತೆ. ಹಾಡೋಳ ಗಂಟಲೂ ಅಷ್ಟೇ. ಒಂದು ಪದ ಮುಂಚೆ, ಇನ್ನೊಂದು ತಡ. ಇಡೀ ಹಾಡಲ್ಲಿ ಒಂದೂ ಗೆರೆ ಮೇಲೆ ನೆಟ್ಟಗೆ ಕೂತಿಲ್ಲ.” ಅವಳು ಹಾಡನ್ನು ಎಡಕ್ಕೆ ಸರಿಸಿದಳು. “ಈಗ ನಿಮ್ಮ ಧಡ್ ನೋಡು.”

ಮಾವ ಕನ್ನಡಕ ಹಾಕಿಕೊಂಡು ಬಾಗಿದ. ಅವಳು ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು, ಗೆರೆಯೂ ಸದ್ದೂ ಪರದೆಯ ತುಂಬ ಆಗುವಷ್ಟು ಹಿಗ್ಗಿಸಿದಳು. ನಡುವೆ ಒಂದು ಎಳೆ ಕೂಡ ತೂರಿಸುವಷ್ಟು ಜಾಗ ಕಾಣಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತಂತೆ ಸದ್ದು ಗೆರೆಗೆ ಒರಗಿ ನಿಂತಿತ್ತು.

“ಬೀಳೋ ಮನುಷ್ಯ ತಾಳ ನೋಡ್ಕೊಂಡು ಬೀಳಲ್ಲ,” ಎಂದಳು ಕತ್ತರಿ.

ಮಾವ ಪರದೆಗೆ ಇನ್ನಷ್ಟು ಬಾಗಿದ. “ಕಾಕತಾಳೀಯ ಇರಬಹುದಲ್ಲ?”

“ಕಾಗೆ ಕೂತಾಗ ಹಣ್ಣು ಬೀಳೋದು ಸರಿ. ಕಾಗೆ ಅಳತೆಪಟ್ಟಿ ಇಟ್ಕೊಂಡು ಬಂದು ಕೂತ್ರೆ ಅನುಮಾನ ಪಡಬೇಕು. ನೋಡು, ಈ ಸಾಫ್ಟ್‌ವೇರಲ್ಲಿ ಮ್ಯಾಗ್ನೆಟ್ ಅಂತ ಒಂದು ಗುಂಡಿ ಇದೆ.” ಪರದೆಯ ಮೇಲಿನ ಕುದುರೆ ಲಾಳದಂಥ ಚಿತ್ರವನ್ನು ಒತ್ತಿದಳು. ಎಲ್ಲೋ ಇದ್ದ ಚಪ್ಪಾಳೆಯ ತುಣುಕೊಂದನ್ನು ಎಳೆದು ತಂದು ಗೆರೆಯ ಪಕ್ಕ ಬಿಟ್ಟಳು. ತುಣುಕು ತಾನಾಗಿ ಜಿಗಿದು ಗೆರೆಗೆ ಅಂಟಿಕೊಂಡಿತು. “ಇದು ಆನ್ ಇದ್ರೆ ಯಾವ ತುಣುಕು ಎಲ್ಲಿಟ್ರೂ ಹತ್ತಿರದ ಗೆರೆಗೆ ಹೋಗಿ ಕೂರುತ್ತೆ. ಆಫ್ ಇದ್ರೆ ಬಿಟ್ಟ ಜಾಗದಲ್ಲೇ ಇರುತ್ತೆ. ಧಡ್ ಅನ್ನೋದನ್ನ ಯಾರೋ ಮ್ಯಾಗ್ನೆಟ್ ಆನ್ ಇಟ್ಕೊಂಡು ತಂದು ಕೂರಿಸಿದ್ದಾರೆ.”

“ಅಂದ್ರೆ ಹಾಡು ನಡೀತಿದ್ದಾಗ ಯಜಮಾನರು ಬೀಳಲೇ ಇಲ್ಲ.”

“ಯಾವಾಗ ಬಿದ್ರೋ ಗೊತ್ತಿಲ್ಲ. ಹಾಡಿನ ನಡುವೆ ಅಂತೂ ಅಲ್ಲ.”

ಮಾವ ಟೋಪಿ ಎತ್ತಿ ತಲೆಗಿಟ್ಟುಕೊಂಡ. “ಏಳಿ, ಸ್ಟುಡಿಯೋಗೆ ಹೋಗೋಣ,” ಎಂದ. ಟೋಪಿ ಇಟ್ಟಾಗ ಅವನೂ ಅವಳಿಗೆ ಬಹುವಚನ ಕೊಡುತ್ತಿದ್ದ.

*

ಲಿಫ್ಟಿನ ಬಾಗಿಲಿಗೆ ಪೊಲೀಸರ ಕೆಂಪು ಪಟ್ಟಿ ಅಡ್ಡ ಕಟ್ಟಿತ್ತು. ಮೆಟ್ಟಿಲು ಹತ್ತಿ ಸ್ಟುಡಿಯೋ ಅಂತಸ್ತಿಗೆ ಬರುವಷ್ಟರಲ್ಲಿ ಮಾವನಿಗೆ ಏದುಸಿರು. ಕಿಟಕಿಯ ಹತ್ತಿರ ಡ್ರಮ್ಮಿನವನು ನಿಂತಿದ್ದ. ಅವನನ್ನು ಎಲ್ಲರೂ ಕರೆಯುವುದು ಗುಡುಗು ಎಂದು. ಮಾತು ಮಾತ್ರ ಸೊಳ್ಳೆಯದರಷ್ಟು ಸಣ್ಣ.

“ನನ್ನ ಡ್ರಮ್ ವಾಪಸ್ ಯಾವಾಗ ಸರ್? ಕೈ ಜಡ್ಡುಗಟ್ತಿದೆ.”

“ನೀವು ತಾಳ ಸ್ವಲ್ಪ ಎಳೀತೀರಿ,” ಎಂದಳು ಕತ್ತರಿ.

ಗುಡುಗಿನ ಮುಖ ಬಿಗಿಯಿತು. “ನಾನಾ? ತಲೆ ನೆರೆಯೋವರೆಗೂ ಬಾರಿಸಿದೀನಿ. ಒಬ್ಬರೂ ಅಂದಿಲ್ಲ.”

“ಬೈತಿಲ್ಲ ಅಣ್ಣ. ಆ ಎಳೆತದಿಂದಲೇ ಹಾಡಿಗೆ ಉಸಿರು. ನೀವು ಎಳೆದಿದ್ದೇ ಇವತ್ತು ಒಬ್ಬನ ಪ್ರಾಣ ಉಳಿಸುತ್ತೆ. ಒಂದು ಹೇಳಿ, ಬಾರಿಸ್ತಿದ್ದಾಗ ಹೊರಗಿನ ಧಡ್ ಕೇಳಿಸ್ತಾ?”

ಅವನು ತಲೆ ಕೆರೆದುಕೊಂಡ. “ಕಿವಿ ತುಂಬ ಟಿಕ್ಕು, ಕೈ ತುಂಬ ಡ್ರಮ್ಮು. ಆಗ ಜಗತ್ತು ಮುಳುಗಿದ್ರೂ ನನಗೆ ಕೇಳಿಸಲ್ಲ.”

“ಕೇಳಿಸ್ತು ಅಂತ ನನಗೆ ಹೇಳಿಕೆ ಕೊಟ್ಟಿದೀರಿ,” ಎಂದ ಮಾವ.

“ಕೇಳಿಸ್ತಲ್ಲ ಸರ್. ಮಾರನೇ ದಿನ ಅಳಿಯಂದ್ರು ರೆಕಾರ್ಡಿಂಗ್ ಹಾಕಿದ್ರು. ಅದರಲ್ಲಿ ಚೆನ್ನಾಗಿಯೇ ಕೇಳಿಸ್ತು.”

ಮಾವ ಹಣೆಗೆ ಕೈ ಹಚ್ಚಿಕೊಂಡ. ಕತ್ತರಿ ನಗು ನುಂಗಿಕೊಂಡು ಒಳಗೆ ನಡೆದಳು.

*

ಗಾಜಿನ ಕೋಣೆಯಲ್ಲಿ ಅಳಿಯ ಒಬ್ಬನೇ ಇದ್ದ. ಇಸ್ತ್ರಿ ಮುರಿಯದ ಅಂಗಿ, ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ದನಿ. ಮಗಳನ್ನು ಮದುವೆಯಾಗಿ ವರ್ಷಗಳಾದರೂ ಹೆಂಡತಿಯ ತಂದೆಯನ್ನು ಅವನು ‘ಯಜಮಾನರು’ ಎಂದೇ ಕರೆಯುತ್ತಿದ್ದ. ಕತ್ತರಿಗೆ ಅವನ ಕೆಲಸದ ಬಗ್ಗೆ ಗೌರವವಿತ್ತು. ಅವನು ಜೋಡಿಸಿದ ಹಾಡಿನಲ್ಲಿ ಜೋಡಿಸಿದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ.

“ಮೂಲ ಫೈಲ್ ತೋರಿಸ್ತೀರಾ?” ಎಂದಳು.

“ಅದಕ್ಕೇನು.” ಅವನು ಹಾಡನ್ನು ಪರದೆಗೆ ತಂದ. “ಒಂದೇ ಉಸಿರಿಗೆ ಆದ ಟೇಕ್. ನಾನು ಒಂದು ಚೂರೂ ಮುಟ್ಟಿಲ್ಲ. ಹೇಗಿತ್ತೋ ಹಾಗೇ ಪೊಲೀಸರಿಗೆ ಕೊಟ್ಟಿದ್ದು.”

“ಹಾಡೋವಾಗ ಏಸಿ ಹಾಕಿರ್ತೀರಾ?”

“ಛೆ. ಕೆಂಪು ದೀಪ ಹತ್ತಿತು ಅಂದ್ರೆ ಏಸಿ ಆಫ್. ಬೆವರಿಳಿದ್ರೂ ಸರಿ. ಇದು ಯಜಮಾನರ ಕಟ್ಟಪ್ಪಣೆ.”

ಅವಳು ತಂಗಿಯ ಮೈಕಿನ ಸಾಲೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮೌನಗೊಳಿಸಿದಳು. ಧಡ್ ಬರುವ ಜಾಗಕ್ಕೆ ತುಸು ಮೊದಲಿನಿಂದ ಹಾಕಿ, ಸದ್ದನ್ನು ಪೂರ್ತಿ ಏರಿಸಿದಳು. ಗಾಯಕಿ ಉಸಿರೆಳೆದುಕೊಂಡದ್ದು. ಮೌನ. ಆಮೇಲೆ ದುಂಬಿ ಹಾರಿದಂತೆ ಒಂದು ಗುಂಯ್. ಧಡ್. ಗುಂಯ್ ಕತ್ತರಿಸಿದಂತೆ ನಿಂತುಹೋಯಿತು.

“ಏಸಿ,” ಎಂದಳು. “ಧಡ್ ಜೊತೆಗೇ ಬಂತು, ಧಡ್ ಜೊತೆಗೇ ಹೋಯ್ತು. ಏಸಿ ಹಾಕಿದ್ದ ಬೇರೆ ಯಾವುದೋ ಕೋಣೆಯಿಂದ ಬಂದ ಸದ್ದು ಇದು. ಯಾರೋ ಬೇರೆ ಕಡೆ ರೆಕಾರ್ಡ್ ಮಾಡಿ ತಂದು ಇಲ್ಲಿ ಹೊಲಿದಿದ್ದಾರೆ.”

ಅಳಿಯ ಕುರ್ಚಿಗೆ ಒರಗಿದ. ಮುಖದಲ್ಲಿ ನಗು ಹಾಗೇ ಇತ್ತು. “ಯಾರೋ ಅಂದ್ರೆ ನಾನು ಅಂತ ತಾನೇ? ಹೇಳಿಬಿಡಿ. ಯಂತ್ರದ ಮುಂದೆ ಕೂತಿರೋನು ನಾನೊಬ್ಬನೇ.”

“ನೀವೇ ಹೇಳಿದ್ರಿ.”

“ನಾನು ಮಾಡಿದ್ರೆ ಇಷ್ಟು ಹಸಿಹಸಿಯಾಗಿ ಮಾಡ್ತಿದ್ನಾ?” ಅವನ ದನಿಯ ಬೆಣ್ಣೆ ಮೊದಲ ಬಾರಿಗೆ ಕರಗಿತು. “ನನ್ನ ಕೆಲಸ ನೋಡಿದೀರಿ ನೀವು. ನಾನು ಕಿವಿ ಇಟ್ಕೊಂಡು ಕೂರಿಸೋನು. ಜೀವಂತ ಹಾಡಿನ ನಡುವೆ ಮ್ಯಾಗ್ನೆಟ್ ಹಾಕಿ ಗೆರೆ ಮೇಲೆ ಮೊಳೆ ಹೊಡೆದಂಗೆ ಕೂರಿಸ್ತಾರಾ ಯಾರಾದ್ರೂ?”

ಕತ್ತರಿ ಕೈಕಟ್ಟಿ ಕೂತಳು.

“ಮ್ಯಾಗ್ನೆಟ್ ಅನ್ನೋ ಮಾತನ್ನ ನಾನು ಎತ್ತೇ ಇಲ್ಲ,” ಎಂದಳು. “ಗೆರೆ ಅಂತಾನೂ ಅಂದಿಲ್ಲ. ಏಸಿ ಅಂದೆ, ಅಷ್ಟೇ.”

ಅವನ ನಗು ಮುಖದ ಮೇಲೆ ಉಳಿದಿತ್ತು, ಆದರೆ ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿದಂತಿರಲಿಲ್ಲ. ಮಾವ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

“ಯಾವಾಗ ಗೊತ್ತಾಯ್ತು?” ಎಂದಳು ಕತ್ತರಿ, ಸ್ವಲ್ಪ ಮೆತ್ತಗೆ.

“ಮಾರನೇ ಬೆಳಿಗ್ಗೆ.” ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಉಜ್ಜಿದ. “ಪೊಲೀಸರಿಗೆ ಪ್ರತಿ ಮಾಡೋಕೆ ಫೈಲ್ ತೆಗೆದೆ. ರೆಕಾರ್ಡ್ ಆದಾಗ ಧಡ್ ಇರಲಿಲ್ಲ. ಹಾಡು ಮುಗಿದ ತಕ್ಷಣ ಒಂದು ಸಲ ಪೂರ್ತಿ ಕೇಳಿದ್ದೆ, ಶುದ್ಧವಾಗಿತ್ತು. ಬೆಳಿಗ್ಗೆ ನೋಡಿದ್ರೆ ಇದೆ. ಗೆರೆ ಮೇಲೆ ಕೂತಿದೆ.”

“ನೋಡಿ ಸುಮ್ಮನಾದ್ರಿ.”

“ಅದು ನನ್ನನ್ನ ಕಾಪಾಡ್ತಿತ್ತು. ತನ್ನ ತಲೆ ಮೇಲಿನ ಸೂರನ್ನ ತಾನೇ ಯಾರು ಕಿತ್ತುಹಾಕ್ತಾರೆ?”

“ಹಾಡು ಮುಗಿದ ಮೇಲೂ ಮೂವರೂ ಜೊತೆಗೇ ಇದ್ವಿ ಅಂತ ಹೇಳಿದೀರಿ,” ಎಂದ ಮಾವ.

“ಇರಲಿಲ್ಲ ಸರ್. ಅವರವರ ದಾರಿ ಅವರು ಹಿಡಿದ್ರು. ನಾನು ಕೆಳಗೆ ಕಾರಲ್ಲಿ ಒಬ್ಬನೇ ಕೂತು ಇನ್ನೊಂದು ಸ್ಟುಡಿಯೋದವರ ಜೊತೆ ಫೋನಲ್ಲಿ ಮಾತಾಡ್ತಿದ್ದೆ. ಇಲ್ಲಿಂದ ಬಿಟ್ಟುಹೋಗೋ ಮಾತು. ನನ್ನ ಹೆಂಡತಿಗೂ ಗೊತ್ತಿಲ್ಲ. ಮೇಲೆ ಬಂದಾಗ ಯಜಮಾನರ ತಂಗಿ ಮನೆಗೆ ಹೊರಟೋರು ಲಿಫ್ಟಿನ ಬಾಗಿಲು ತೆರೆದಿರೋದು ನೋಡಿ ಕಿರುಚ್ತಿದ್ರು. ಆ ಹೊತ್ತಲ್ಲಿ ನಾನು ಎಲ್ಲಿದ್ದೆ ಅಂತ ಕೇಳಿದ್ರೆ ನನ್ನ ಹತ್ರ ಸಾಕ್ಷಿ ಇರಲಿಲ್ಲ. ಧಡ್ ಸಾಕ್ಷಿ ಹೇಳ್ತು.”

“ನಿಮಗೆ ಸಾಕ್ಷಿ, ಇನ್ನೊಬ್ಬನಿಗೆ ಬೇಡಿ,” ಎಂದಳು ಕತ್ತರಿ. “ಆ ಮೆಕ್ಯಾನಿಕ್ಕಿಗೂ ಒಂದು ಮನೆ ಇದೆ ಅಂತ ಅನ್ನಿಸಲಿಲ್ವಾ?”

ಅಳಿಯ ಕನ್ನಡಕವನ್ನು ಉಜ್ಜುತ್ತಲೇ ಇದ್ದ, ಗಾಜು ಯಾವಾಗಲೋ ಸ್ವಚ್ಛವಾಗಿದ್ದರೂ.

ಮಾವ ಆಗಲೇ ಫೋನು ಕಿವಿಗಿಟ್ಟಿದ್ದ. ಹಾಡು ಮುಗಿಯುತ್ತಿದ್ದಂತೆ ಮೆಕ್ಯಾನಿಕ್ ಎದುರುಗಡೆಯ ಬಟ್ಟೆ ಅಂಗಡಿಗೆ ಹೋಗಿ ಅಲ್ಲಿಯ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಯಜಮಾನರು ಬಿದ್ದ ಸುದ್ದಿ ಬಂದಾಗಲೂ ಅವನು ಅಲ್ಲೇ, ಅಂಗಡಿಯ ಅರ್ಧ ಜನರ ಕಣ್ಣೆದುರಿಗೆ, ಏಣಿಯ ಮೇಲಿದ್ದ. ಇದನ್ನು ಅವನು ಮೊದಲ ದಿನವೇ ಹೇಳಿದ್ದ. ಹಾಡಿನ ನಡುವೆಯೇ ಬಿದ್ದಿದ್ದಾರೆ ಎಂದಾದ ಮೇಲೆ ಆ ಮಾತಿಗೆ ಕವಡೆ ಕಿಮ್ಮತ್ತೂ ಇರಲಿಲ್ಲ. ಈಗ ಅದೇ ಅವನಿಗೆ ಕವಚ.

“ಮೆಕ್ಯಾನಿಕ್ಕನ್ನ ಕಳಿಸಿಬಿಡಿ,” ಎಂದ ಮಾವ ಫೋನಿನಲ್ಲಿ. “ಹೌದು, ಈಗಲೇ. ಮರ್ಯಾದೆಯಿಂದ ಕಳಿಸಿ. ಎಲ್ಲಿಗೆ ಹೋಗ್ಬೇಕು ಅಂತಾನೋ ಅಲ್ಲಿಗೆ ಜೀಪಲ್ಲಿ ಬಿಟ್ಟು ಬನ್ನಿ. ಎರಡು ದಿನ ಕೂರಿಸಿದೀವಿ, ಅಷ್ಟಾದ್ರೂ ಮಾಡೋಣ.”

ಕತ್ತರಿಯ ಎದೆಯೊಳಗೆ ಬೆಚ್ಚನೆಯದೇನೋ ಹರಿದಾಡಿತು. ಕೆಲಸ ಮುಗಿದಿರಲಿಲ್ಲ, ಆದರೆ ಅರ್ಧ ಮುಗಿದಿತ್ತು. ಅದೂ ಮುಖ್ಯವಾದ ಅರ್ಧ. ಕೊಟ್ಟ ಮಾತಿಗಿಂತ ಒಂದು ದಿನ ಮುಂಚೆ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಕೈ ಎಟುಕುವಂತಿದ್ದರೆ ತಟ್ಟಿಕೊಳ್ಳುತ್ತಿದ್ದಳು.

“ಈಗ ಉಳಿದ ಅರ್ಧ,” ಎಂದು ಅಳಿಯನ ಕಡೆ ತಿರುಗಿದಳು. “ನೀವು ಇಟ್ಟಿಲ್ಲ ಅಂದ್ರೆ ಯಾರು ಇಟ್ರು?”

“ನಂಬ್ತೀರಾ ನಾನು ಇಟ್ಟಿಲ್ಲ ಅಂತ?”

“ನಿಮ್ಮ ಮಾತು ನಂಬಲ್ಲ. ನಿಮ್ಮ ಕೆಲಸ ನಂಬ್ತೀನಿ. ಈ ಯಂತ್ರದಲ್ಲಿರೋ ಹಳೇ ಹಾಡೆಲ್ಲ ತೆಗೀರಿ.”

ಒಂದಾದ ಮೇಲೊಂದು ಹಾಡು ತೆಗೆದು ತೋರಿಸಿದ. ಅವಳು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಅವನು ಕೂರಿಸಿದ ಯಾವ ತುಣುಕೂ ಗೆರೆಯ ಮೇಲಿರಲಿಲ್ಲ. ಕೆಲವು ತುಸು ಮುಂಚೆ, ಕೆಲವು ತುಸು ತಡ, ಎಲ್ಲವೂ ಸುತ್ತಲಿನ ಉಸಿರಿಗೆ ಹೊಂದಿಕೊಂಡು. ಲಾಳದ ಚಿತ್ರ ಎಲ್ಲ ಕಡೆಯೂ ಬೂದು ಬಣ್ಣ: ಆಫ್. ಒಬ್ಬ ಮನುಷ್ಯ ಸುಳ್ಳು ಹೇಳಬಹುದು, ಆದರೆ ವರ್ಷಗಟ್ಟಲೆಯ ಕೈಗುಣ ಒಂದೇ ಸಂಜೆಗೆ ಬದಲಾಗುವುದಿಲ್ಲ. ಗಾಬರಿಯಲ್ಲಿದ್ದಾಗಂತೂ ಕೈ ತನಗೆ ಗೊತ್ತಿರುವ ದಾರಿಯನ್ನೇ ಹಿಡಿಯುತ್ತದೆ.

ಬರುವಾಗ ಅವಳು ಇವನನ್ನೇ ಕಳ್ಳನೆಂದು ತೀರ್ಮಾನಿಸಿಕೊಂಡು ಬಂದಿದ್ದಳು. ಆ ತೀರ್ಮಾನವನ್ನು ಈಗ ಸದ್ದಿಲ್ಲದೆ ಕೆಳಗಿಟ್ಟಳು.

“ಇಲ್ಲಿ ಮ್ಯಾಗ್ನೆಟ್ ಹಾಕ್ಕೊಂಡು ಕೆಲಸ ಮಾಡೋರು ಯಾರಿದ್ದಾರೆ?” ಎಂದಳು.

ಅಳಿಯನ ಕಣ್ಣು ಚಾವಣಿಯ ಕಡೆಗೆ ಹೋಯಿತು.

“ಹೇಳ್ರಿ,” ಎಂದ ಮಾವ.

“ಮೇಲಿನ ಕೋಣೆಯಲ್ಲಿ ಇನ್ನೊಂದು ಯಂತ್ರ ಇದೆ. ಎರಡಕ್ಕೂ ಒಂದೇ ಉಗ್ರಾಣ. ಇಲ್ಲಿ ಉಳಿಸಿದ ಹಾಡು ಅಲ್ಲೂ ತೆರೆಯುತ್ತೆ. ಅಲ್ಲಿ ಕೂತು ಕೆಲಸ ಮಾಡೋರಿಗೆ ಕೈ ನಡುಗುತ್ತೆ. ತುಣುಕನ್ನ ಎಲ್ಲಿಗೆ ಒಯ್ದರೂ ಪಕ್ಕಕ್ಕೆ ಜಾರುತ್ತೆ ಅಂತ ನಾನೇ ಮ್ಯಾಗ್ನೆಟ್ ಯಾವಾಗಲೂ ಆನ್ ಇರೋ ಹಾಗೆ ಮಾಡಿಕೊಟ್ಟೆ.”

“ಯಾರಿಗೆ?”

“ಯಜಮಾನರಿಗೆ.”

ಮಾವ ನಿಧಾನಕ್ಕೆ ಕುರ್ಚಿಯ ಮೇಲೆ ಕೂತ. “ಆ ಕೋಣೆಗೆ ಅವತ್ತು ಸಂಜೆ ಸೀಲ್ ಹಾಕಿದ್ದು ನಾನೇ. ಬೀಗ ಹಾಕಿತ್ತು. ಬೀಗದ ಕೈ ಅವರ ಜೇಬಲ್ಲೇ ಸಿಕ್ತು. ಇನ್ನೊಂದು ಇಲ್ಲ ಅಂತ ಮಗಳೂ ಹೇಳಿದ್ಲು.”

“ಇಲ್ಲ,” ಎಂದ ಅಳಿಯ. “ಯಾರನ್ನೂ ಒಳಗೆ ಬಿಡ್ತಿರಲಿಲ್ಲ.”

ಕತ್ತರಿ ಮನಸ್ಸಿನಲ್ಲೇ ಒಂದೊಂದನ್ನೂ ಸಾಲಾಗಿ ಇಟ್ಟು ನೋಡಿದಳು. ಹಾಡು ಮುಗಿದಾಗ ಧಡ್ ಇರಲಿಲ್ಲ. ಯಜಮಾನರು ಬಿದ್ದದ್ದು ಗೊತ್ತಾದ ಮೇಲೆ ಆ ಕೋಣೆಗೆ ಯಾರೂ ಹೋಗಿಲ್ಲ. ಹಾಗಾದರೆ ಸದ್ದನ್ನು ಇಟ್ಟದ್ದು ನಡುವಿನ ಹೊತ್ತಿನಲ್ಲಿ, ಬೀಗದ ಕೈ ಇದ್ದವರು, ನಡುಗುವ ಕೈಯವರು.

ತಾವು ಬೀಳುವ ಸದ್ದನ್ನು ಯಜಮಾನರು ತಾವೇ ಹಾಡಿನೊಳಗೆ ಕೂರಿಸಿದ್ದರು. ಬೀಳುವ ಮೊದಲು.

“ಸೀಲ್ ಒಡೆಯೋಣ,” ಎಂದಳು.

*

ಮೇಲಿನ ಕೋಣೆ ಚಿಕ್ಕದು. ಬಾಗಿಲು ತೆರೆಯುತ್ತಲೇ ಮುಖಕ್ಕೆ ತಂಪು ಹೊಡೆಯಿತು. ಎರಡು ದಿನದಿಂದ ಏಸಿ ಓಡುತ್ತಲೇ ಇತ್ತು. ಗುಂಯ್ ಎಂಬ ಅದೇ ದುಂಬಿಯ ದನಿ. ಕತ್ತರಿ ಮಾವನ ಮುಖ ನೋಡಿದಳು. ಅವನಿಗೂ ಅರ್ಥವಾಗಿತ್ತು, ತಲೆಯಾಡಿಸಿದ.

ಮೇಜಿನ ಪಕ್ಕ ಮೈಕೊಂದು ನಿಂತಿತ್ತು. ನೆಲದ ಮೇಲೆ ಮರಳು ತುಂಬಿದ ಗೋಣಿಚೀಲ. ಕಾಲಿನಿಂದ ತಳ್ಳಿ ನೋಡಿದಳು. ಒಬ್ಬನೇ ಎತ್ತುವುದಕ್ಕೆ ಗಟ್ಟಿಮುಟ್ಟಾದ ಆಳೇ ಬೇಕು.

“ಇದೇ ನಿನ್ನ ಧಡ್,” ಎಂದ ಮಾವ. ಏಕವಚನಕ್ಕೆ ಇಳಿದದ್ದು ಅವನ ಗಮನಕ್ಕೂ ಬಂದಿರಲಿಲ್ಲ.

“ಯಜಮಾನರು ಎತ್ತಿರಲಾರರು,” ಎಂದ ಬಾಗಿಲಲ್ಲಿ ನಿಂತಿದ್ದ ಅಳಿಯ. “ಕಾಫಿ ಲೋಟವೇ ಎರಡೂ ಕೈಲಿ ಹಿಡೀಬೇಕು ಅವರು.”

ಕತ್ತರಿ ಪರದೆಯನ್ನು ಎಚ್ಚರಿಸಿದಳು. ಹಾಡು ತೆರೆದೇ ಇತ್ತು. ಲಾಳದ ಚಿತ್ರ ನೀಲಿಯಾಗಿ ಹೊಳೆಯುತ್ತಿತ್ತು. ಎಲ್ಲ ಸಾಲುಗಳ ಕೆಳಗೆ, ಸುಲಭಕ್ಕೆ ಕಣ್ಣಿಗೆ ಬೀಳದಂತೆ ಕಿರಿದು ಮಾಡಿಟ್ಟ ಇನ್ನೊಂದು ಸಾಲು. ಕೆಳಗಿನ ಯಂತ್ರದಲ್ಲಿ ಅದು ಕಂಡಿರಲಿಲ್ಲ. ಈ ಯಂತ್ರದ ಒಳಗಷ್ಟೇ ಉಳಿದದ್ದು. ಅದರಲ್ಲಿ ಕೆಲವು ತುಣುಕುಗಳು, ಪ್ರತಿಯೊಂದೂ ಒಂದೊಂದು ಗೆ‍ರೆಗೆ ಅಂಟಿಕೊಂಡು, ಬೇಡವೆಂದು ಮೌನಗೊಳಿಸಿದವು.

ಮೊದಲನೆಯದನ್ನು ಹಾಕಿದಳು. ಪುಸ್ ಎಂಬ ಬಡ ಸದ್ದು. ಎರಡನೆಯದರಲ್ಲಿ ಚೀಲ ಮೇಜಿನ ಕಾಲಿಗೆ ತಾಗಿ ಏನೋ ಉರುಳಿತು, ಯಾರೋ ನಕ್ಕರು. ಅದು ಯಜಮಾನರ ನಗು ಎಂದು ಅಳಿಯ ಪಿಸುಗುಟ್ಟಿದ. ಸಾವಿನಂಚಿನಲ್ಲಿ ಮಲಗಿರುವ ಮನುಷ್ಯನ ಆ ನಗು ಬಹಳ ಹಗುರಾಗಿತ್ತು. ಮಕ್ಕಳು ಕದ್ದು ಏನೋ ಮಾಡುವಾಗ ನಗುವಂಥದ್ದು.

ಮೂರನೆಯ ತುಣುಕನ್ನು ಮುಂಭಾಗದಲ್ಲಿ ಕತ್ತರಿಸಿರಲಿಲ್ಲ. ಚೀಲ ಎತ್ತುವಾಗಿನ ಏದುಸಿರು, ಯಜಮಾನರ ದನಿ: “ಈ ಸಲ ಎತ್ತರದಿಂದ. ಮನುಷ್ಯ ಬಿದ್ದ ಹಾಗೆ ಇರಬೇಕು.” ಆಮೇಲೆ ಇನ್ನೊಂದು ದನಿ, ಗಡಸು, ಗಂಟಲು ಸವೆದಂಥದ್ದು: “ಬೆಳಿಗ್ಗೆ ಜಗಳ ಆಡು ಅಂದ್ರಿ, ಆಡಿದೆ. ಈಗ ಇದು. ಆಮೇಲೆ ಅಂಗಡಿಗೆ ಹೋಗಿ ಏಣಿ ಹತ್ತಿ ಕೂರ್ತೀನಿ, ಎಲ್ರೂ ನೋಡೋ ಹಾಗೆ. ಸರಿ ತಾನೆ ಯಜಮಾನ್ರೇ?”

ಧಡ್.

ಕತ್ತರಿಗೆ ಆ ದನಿಯ ಪರಿಚಯವಿರಲಿಲ್ಲ. ಮಾವನಿಗಿತ್ತು. ಎರಡು ದಿನ ಮೇಜಿನ ಎದುರು ಕೂತು ಅದೇ ಗಂಟಲು ‘ನನಗೇನೂ ಗೊತ್ತಿಲ್ಲ ಸ್ವಾಮಿ’ ಎಂದು ಬೇಡಿಕೊಂಡದ್ದನ್ನು ಅವನು ಕೇಳಿದ್ದ. ಅವನ ಮುಖದ ರಕ್ತ ಇಳಿದುಹೋದದ್ದನ್ನು ನೋಡಿಯೇ ಅವಳಿಗೆ ಉತ್ತರ ಸಿಕ್ಕಿತು. ಬೀಳುವ ನಾಟಕಕ್ಕೆ ಯಜಮಾನರು ಜೊತೆ ಮಾಡಿಕೊಂಡವನೇ ಲಿಫ್ಟ್ ಬಿಚ್ಚಿಟ್ಟು ಅದನ್ನು ನಿಜ ಮಾಡಿದ್ದ, ಸದ್ದು ಸುಳ್ಳೆಂದಾದರೆ ಏಣಿಯ ಸಾಕ್ಷಿ ಬಿಡಿಸುತ್ತದೆಂಬ ಧೈರ್ಯದಲ್ಲಿ; ಅದನ್ನು ಹೇಳಬಲ್ಲವರು ಯಜಮಾನರೊಬ್ಬರೇ.

“ಫೋನ್ ಮಾಡು,” ಎಂದಳು. “ಇನ್ನೂ ಹೊರಟಿರಲಿಕ್ಕಿಲ್ಲ.”

ಮಾವ ಆಗಲೇ ಒತ್ತುತ್ತಿದ್ದ. ಆ ಕಡೆ ಪೇದೆಯ ದನಿ ಕೋಣೆಯ ತುಂಬ ಕೇಳಿಸುವಷ್ಟು ಗಟ್ಟಿಯಾಗಿತ್ತು, ಕೆಲಸ ಚೆನ್ನಾಗಿ ಮಾಡಿ ಮುಗಿಸಿದವನ ಉತ್ಸಾಹದಲ್ಲಿ.

“ಕಳಿಸಿದ್ವಿ ಸರ್, ನೀವು ಹೇಳಿದ ಹಾಗೇ ಜೀಪಲ್ಲಿ. ಮನೆಗೆ ಬೇಡ, ಮೊದಲು ಆಸ್ಪತ್ರೆಗೆ ಅಂದ. ಯಜಮಾನರನ್ನ ಒಂದು ಸಲ ಕಣ್ತುಂಬ ನೋಡಿ ಬರ್ತೀನಿ ಅಂತ ಅತ್ತುಬಿಟ್ಟ ಪಾಪ. ಅಲ್ಲಿ ಕೋಣೆ ಬಾಗಿಲಲ್ಲಿರೋ ನಮ್ಮವನಿಗೂ ಹೇಳಿದೀನಿ ಸರ್: ಒಳಗೆ ಬಿಟ್ಟು, ನೀನು ಸ್ವಲ್ಪ ಹೊತ್ತು ಆಚೆ ಇರು ಅಂತ.”